ಅಳಿಯದ ದೃಶ್ಯಗಳು

ಪ್ರವೇಶ

ಕಾವ್ಯ, ಸಂಗೀತ, ಚಿತ್ರ, ನಾಟಕ ಮೊದಲಾದ ಕಲೆಗಳಿಗೆ ಸಾವಿರಾರು ವರ್ಷಗಳ ಇತಿಹಾಸವುಂಟು. ಅವುಗಳೊಡನೆ ಹೋಲಿಸಿದರೆ ಚಲಚ್ಚಿತ್ರವು ತೀರ ಎಳೆಯ ಕಲೆ. ಆದರೂ ಅದು ಅಲ್ಪಕಾಲದಲ್ಲಿಯೇ ಪಂಡಿತ ಪಾಮರರೆನ್ನದೆ ಎಲ್ಲರ ಮನಸ್ಸನ್ನೂ ಸೂರೆಗೊಂಡಿತು. ನೋಡಿದ ಚಿತ್ರವೆಲ್ಲ ಮರೆತರೂ ಅದರ ಒಂದು ದೃಶ್ಯ ಮಾತ್ರ ಮನಸ್ಸಿನಲ್ಲಿ ಉಳಿಯುವುದುಂಟು. ಹಾಗೆ ಉಳಿಯುವ ದೃಶ್ಯಗಳ ಗುಟ್ಟೇನೆಂಬುದನ್ನು ಈ ಪಾಠವು ವಿಚಾರಮಾಡುತ್ತದೆ.

ಪಾಠ

ಒಂದು ಕಾಲಕ್ಕೆ ಕರ್ನಾಟಕದ ಹಳ್ಳಿಗಾಡಿನಲ್ಲಿ ಸುಗ್ಗಿ ಮುಗಿಯಿತೆಂದರೆ ಊರಹೊರಗಿನ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ ಏಳುತ್ತಿತ್ತು. ಸುತ್ತಲಿನ ಊರುಗಳಿಂದ ಜನರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ನೆಲದ ಮೇಲೆ ಚಾಪೆಯನ್ನೋ ಗೋಣಿತಾಟನ್ನೋ ಹಾಸಿಕೊಂಡು ಕುಳಿತು, ತೆರೆಯ ಮೇಲೆ ನಡೆಯುವುದನ್ನೆಲ್ಲ ಕಣ್ಣರಳಿಸಿ ನೋಡಿ, ನಡುರಾತ್ರಿಯ ತಂಗಾಳಿಯಲ್ಲಿ ಮನೆಗೆ ಮರಳುತ್ತಿದ್ದರು. ದಾರಿಯುದ್ದಕ್ಕೂ ಅದೇ ಮಾತು. ಮರುದಿನ ಬಾವಿಕಟ್ಟೆಯ ಬಳಿಯೂ ಅದೇ ಮಾತು. ಆದರೆ ವಾರವೊಂದು ಕಳೆಯುವಷ್ಟರಲ್ಲಿ ಕಥೆಯ ಕೊಂಡಿಗಳು ಸಡಿಲವಾಗುತ್ತಿದ್ದುವು. ವರ್ಷ ಕಳೆದರೆ ಪಾತ್ರಗಳ ಹೆಸರುಗಳು ಮರೆಯುತ್ತಿದ್ದುವು. ಇಪ್ಪತ್ತು ಮೂವತ್ತು ವರ್ಷಗಳು ಉರುಳಿದ ಮೇಲೆ, ಮೂರು ಗಂಟೆಗಳ ಆ ಚಿತ್ರದಲ್ಲಿ ಉಳಿದುಕೊಳ್ಳುತ್ತಿದ್ದುದು ಎರಡೋ ಮೂರೋ ನಿಮಿಷಗಳ ಒಂದು ದೃಶ್ಯ ಮಾತ್ರ. ಮೊರದಲ್ಲಿ ಒನೆದಾಗ ಹೊಟ್ಟೆಲ್ಲ ಹಾರಿಹೋಗಿ ಕಾಳು ಉಳಿಯುವಂತೆ, ಕಾಲವು ಉಳಿದುದನ್ನೆಲ್ಲ ಹಾರಿಸಿ ಆ ಒಂದು ದೃಶ್ಯವನ್ನು ಮಾತ್ರ ಉಳಿಸಿಕೊಡುತ್ತಿತ್ತು. ಇಂದು ಡೇರೆಗಳು ಕಾಣೆಯಾಗಿವೆ. ಅಂಗೈಯಗಲದ ತೆರೆಯ ಮೇಲೆ ಚಿತ್ರ ನೋಡುವ ಕಾಲ ಬಂದಿದೆ. ಆದರೆ ಮನಸ್ಸಿನ ಮೊರ ಮಾತ್ರ ಅದೇ. ಅದು ಯಾವುದನ್ನು ಉಳಿಸಿಕೊಳ್ಳುತ್ತದೆ, ಏತಕ್ಕೆ ಉಳಿಸಿಕೊಳ್ಳುತ್ತದೆ?

ಬೆರಗಿನಿಂದಲೇ ದೃಶ್ಯವು ಉಳಿಯುತ್ತದೆಂದು ಹೇಳುವವರುಂಟು. 1895ನೆಯ ಇಸವಿಯ ಡಿಸೆಂಬರ್ 28ರಂದು ಪ್ಯಾರಿಸ್ ನಗರದ ಒಂದು ಕಾಫಿಗೃಹದ ನೆಲಮಾಳಿಗೆಯಲ್ಲಿ ಲೂಮಿಯೇರ್ ಸಹೋದರರು ಹಣ ತೆತ್ತು ಬಂದ ಜನರಿಗೆ ಚಲಿಸುವ ಚಿತ್ರಗಳನ್ನು ತೋರಿಸಿದರು. ಮರುವರ್ಷದ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿಯೂ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ಅವರ ಚಿತ್ರಗಳಲ್ಲಿ ಒಂದು, ರೈಲುಗಾಡಿಯು ನಿಲ್ದಾಣಕ್ಕೆ ಬಂದು ನಿಲ್ಲುವ ದೃಶ್ಯ. ಅದರ ಅವಧಿ ಒಂದು ನಿಮಿಷಕ್ಕೂ ಕಡಿಮೆ. ರೈಲು ತಮ್ಮ ಮೇಲೆಯೇ ಹರಿದೀತೆಂದು ಪ್ರೇಕ್ಷಕರು ಎದ್ದು ಓಡಿದರೆಂಬ ಕಥೆ ಪ್ರಚಾರದಲ್ಲಿದೆ. ಅದರಲ್ಲಿ ಉತ್ಪ್ರೇಕ್ಷೆಯೇ ಹೆಚ್ಚೆಂದು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಓಡಿದರೋ ಇಲ್ಲವೋ, ಬೆರಗಾದುದಂತೂ ನಿಜ. ಆದರೆ ಬೆರಗಿನ ಆಯುಷ್ಯ ಬಹು ಚಿಕ್ಕದು. ಎರಡನೆಯ ಸಲ ನೋಡಿದವನಿಗೆ ಅದು ಬರಿಯ ರೈಲು. ಇಂದಿಗೂ ಮೈನವಿರೇಳಿಸುವ ಹೊಡೆದಾಟ, ಸ್ಫೋಟ, ಚಮತ್ಕಾರಗಳ ದೃಶ್ಯಗಳು ಬಂದುಹೋಗುತ್ತಿರುತ್ತವೆ. ಅವುಗಳಿಗಿಂತ ದೊಡ್ಡ ಚಮತ್ಕಾರ ಮರುವರ್ಷವೇ ಹುಟ್ಟುವುದರಿಂದ ಹಳೆಯದು ಹಿಂದಕ್ಕೆ ಸರಿಯುತ್ತದೆ. ಆದುದರಿಂದ ದೃಶ್ಯವನ್ನು ಬಾಳಿಸುವ ಶಕ್ತಿ ಬೇರೆಲ್ಲಿಯೋ ಇರಬೇಕು.

ಆ ಶಕ್ತಿಯನ್ನು ಅರಸುವವರು ಚಾರ್ಲಿ ಚಾಪ್ಲಿನ್ನನ ‘ಸಿಟಿ ಲೈಟ್ಸ್’ ಚಿತ್ರವನ್ನು ನೋಡಬೇಕು. ಅದು ತೆರೆಕಂಡುದು 1931ರಲ್ಲಿ. ಆ ವೇಳೆಗೆ ಅಮೆರಿಕದಲ್ಲಿ ವಾಕ್ಚಿತ್ರಗಳು ಬಂದು ಮೂಕಚಿತ್ರಗಳ ಕಾಲ ಮುಗಿಯುತ್ತ ಬಂದಿತ್ತು. ಆದರೂ ಚಾಪ್ಲಿನ್ ಹಿನ್ನೆಲೆಯ ಸಂಗೀತವನ್ನೂ ಕೆಲವು ಶಬ್ದಗಳನ್ನೂ ಸೇರಿಸಿದನೇ ಹೊರತು ಪಾತ್ರಗಳ ಬಾಯಿಂದ ಮಾತನಾಡಿಸಲಿಲ್ಲ. ಕಥೆ ಸರಳವಾದುದು. ಬೀದಿ ಅಲೆಯುವ ಬಡವನೊಬ್ಬನು ಹೂ ಮಾರುವ ಕುರುಡಿಯೊಬ್ಬಳನ್ನು ಕಂಡು ಮರುಗುತ್ತಾನೆ. ಅವಳಾದರೋ ಅವನನ್ನು ಸಿರಿವಂತನೆಂದು ತಪ್ಪಾಗಿ ತಿಳಿಯುತ್ತಾಳೆ.

ಕುರುಡಿಯು ಬಡವನನ್ನು ಸಿರಿವಂತನೆಂದು ತಿಳಿದಳೆಂಬುದನ್ನು ಒಂದು ಮಾತೂ ಆಡದೆ ತೋರಿಸುವುದು ಹೇಗೆ? ಚಾಪ್ಲಿನ್ನನನ್ನು ಬಹುವಾಗಿ ಕಾಡಿದ ಪ್ರಶ್ನೆಯಿದು. ಕೊನೆಗೆ ಅವನಿಗೆ ದೊರೆತ ಉತ್ತರ ಒಂದು ಕಾರಿನ ಬಾಗಿಲು. ಬೀದಿಯಲ್ಲಿ ವಾಹನಗಳು ಕಿಕ್ಕಿರಿದು ನಿಂತಿವೆ. ದಾಟಲು ದಾರಿ ಕಾಣದ ಅಲೆಮಾರಿಯು ಯಾರದೋ ಕಾರಿನೊಳಗೆ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಇಳಿದು ಬಾಗಿಲನ್ನು ಮುಚ್ಚುತ್ತಾನೆ. ಆ ಸದ್ದನ್ನು ಕೇಳಿದ ಹುಡುಗಿ, ಕಾರಿನಿಂದ ಇಳಿದವನು ಧನಿಕನೆಂದೇ ಭಾವಿಸಿ ಹೂವನ್ನು ಮುಂದೆ ಚಾಚುತ್ತಾಳೆ. ಅವನು ಹೂವನ್ನು ಕೊಂಡು ತನ್ನಲ್ಲಿದ್ದ ನಾಣ್ಯವನ್ನು ಕೊಡುತ್ತಾನೆ. ಅವಳು ಚಿಲ್ಲರೆಯನ್ನು ಮರಳಿ ಕೊಡಬೇಕೆನ್ನುವಷ್ಟರಲ್ಲಿ ಕಾರಿನ ಒಡೆಯ ಬಂದು ಕುಳಿತುಕೊಳ್ಳುತ್ತಾನೆ, ಬಾಗಿಲು ಮತ್ತೆ ಸದ್ದುಮಾಡುತ್ತದೆ, ಕಾರು ಹೊರಟುಹೋಗುತ್ತದೆ. ಉದಾರಿಯಾದ ಸಿರಿವಂತನು ಚಿಲ್ಲರೆಯನ್ನೂ ಬಿಟ್ಟುಹೋದನೆಂದು ಅವಳ ಎಣಿಕೆ. ಅವಳ ಆ ಸಂತೋಷವನ್ನು ಕೆಡಿಸಲೊಲ್ಲದೆ ಬಡವನು ತುದಿಗಾಲಿನಲ್ಲಿ ಸದ್ದಿಲ್ಲದೆ ಪಕ್ಕಕ್ಕೆ ಸರಿಯುತ್ತಾನೆ. ಕೆಲವೇ ನಿಮಿಷಗಳ ಈ ದೃಶ್ಯವನ್ನು ಚಾಪ್ಲಿನ್ ಮುನ್ನೂರಕ್ಕೂ ಹೆಚ್ಚು ಸಲ ಚಿತ್ರೀಕರಿಸಿದನು. ನೋಡುವವನಿಗೆ ಆ ಶ್ರಮದ ಒಂದು ಎಳೆಯೂ ಕಾಣುವುದಿಲ್ಲ. ಬೀದಿಯಲ್ಲಿ ತಾನಾಗಿಯೇ ನಡೆದುದನ್ನು ನೋಡಿದಂತೆಯೇ ಅನಿಸುತ್ತದೆ.

ಆದರೆ ಲೋಕವು ನೆನಪಿನಲ್ಲಿಟ್ಟುಕೊಂಡುದು ಈ ಚಿತ್ರದ ಕೊನೆಯ ದೃಶ್ಯವನ್ನು. ಅವಳ ಕಣ್ಣಿನ ಚಿಕಿತ್ಸೆಗೆ ಹಣ ಒದಗಿಸಿದ ಬಡವನು ಕಳ್ಳನೆಂಬ ಆರೋಪಕ್ಕೆ ಒಳಗಾಗಿ ಸೆರೆಮನೆಗೆ ಹೋಗುತ್ತಾನೆ. ಬಿಡುಗಡೆಯಾಗಿ ಬರುವಾಗ ಅವನ ಬಟ್ಟೆ ಹರಿದು ಚಿಂದಿಯಾಗಿದೆ. ಬೀದಿಯ ಹುಡುಗರು ಅವನನ್ನು ಗೇಲಿಮಾಡುತ್ತಾರೆ. ಕಣ್ಣು ಪಡೆದ ಹುಡುಗಿ ಈಗ ಹೂವಿನ ಅಂಗಡಿಯ ಒಡತಿ. ಗಾಜಿನ ಕಿಟಕಿಯ ಆಚೆ ನಿಂತು ತನ್ನನ್ನೇ ದಿಟ್ಟಿಸುತ್ತಿರುವ ಚಿಂದಿ ಬಟ್ಟೆಯವನನ್ನು ಕಂಡು ಅವಳೂ ನಗುತ್ತಾಳೆ. ಬಳಿಕ ಕನಿಕರದಿಂದ ಹೊರಗೆ ಬಂದು ಒಂದು ಹೂವನ್ನೂ ಒಂದು ನಾಣ್ಯವನ್ನೂ ಕೊಡಲು ಹೋಗುತ್ತಾಳೆ. ಅವನು ಸಂಕೋಚದಿಂದ ಸರಿದಾಗ ಕೈ ಹಿಡಿದು ನಾಣ್ಯವನ್ನು ಅಂಗೈಯಲ್ಲಿಡುತ್ತಾಳೆ. ಆ ಕೈಯನ್ನು ಮುಟ್ಟಿದೊಡನೆ ಅವಳ ಮುಖದ ನಗೆ ನಿಲ್ಲುತ್ತದೆ. ಕಣ್ಣು ಗುರುತಿಸಲಾರದುದನ್ನು ಕೈ ಗುರುತಿಸುತ್ತದೆ. ನೀನೇಯೋ ಎಂದು ಅವಳು ಕೇಳುತ್ತಾಳೆ. ಅವನು ಹೌದೆಂದು ತಲೆಯಾಡಿಸಿ, ಈಗ ಕಣ್ಣು ಕಾಣುವುದೇ ಎಂದು ಕೇಳುತ್ತಾನೆ. ಹೂವನ್ನು ತುಟಿಯ ಬಳಿ ಹಿಡಿದುಕೊಂಡ ಅವನ ಮುಖದಲ್ಲಿ ಸಂತೋಷ, ನಾಚಿಕೆ, ಭಯ ಮೂರೂ ಬೆರೆತಿವೆ. ಚಿತ್ರವು ಅಲ್ಲಿಗೇ ಮುಗಿದುಹೋಗುತ್ತದೆ.

ಅವಳು ಅವನನ್ನು ಸ್ವೀಕರಿಸಿದಳೆ? ಚಿತ್ರವು ಹೇಳುವುದಿಲ್ಲ. ಹೇಳಿದ್ದರೆ ಕಥೆ ಮುಗಿಯುತ್ತಿತ್ತು. ಪ್ರೇಕ್ಷಕನು ನೆಮ್ಮದಿಯಿಂದ ಮನೆಗೆ ಹೋಗಿ ಮರೆಯುತ್ತಿದ್ದನು. ಹೇಳದೆ ಬಿಟ್ಟುದರಿಂದ ಆ ಪ್ರಶ್ನೆಯನ್ನು ಅವನು ಮನೆಗೆ ಹೊತ್ತುಕೊಂಡು ಹೋಗುತ್ತಾನೆ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ವೆಂಬ ಗ್ರಂಥದಲ್ಲಿ ಕಾವ್ಯದ ಜೀವವೇ ಧ್ವನಿಯೆಂದು ಪ್ರತಿಪಾದಿಸಿದನು. ಗಂಟೆಯನ್ನು ಬಾರಿಸಿ ಕೈ ತೆಗೆದ ಮೇಲೂ ನಾದವು ಗಾಳಿಯಲ್ಲಿ ಉಳಿಯುತ್ತದೆ. ಹಾಗೆಯೇ ಮಾತು ನಿಂತ ಮೇಲೆ ಸಹೃದಯನಲ್ಲಿ ಮಿಡಿಯುವ ಅರ್ಥವೇ ಧ್ವನಿ. ಕಾವ್ಯಕ್ಕೆ ಹೇಳಿದ ಈ ಮಾತು ಬೆಳ್ಳಿತೆರೆಗೂ ಅಷ್ಟೇ ಸಲ್ಲುತ್ತದೆ.

ಹೇಳದೆ ಬಿಟ್ಟುದನ್ನು ನೋಡುವವನು ತಾನೇ ತುಂಬಿಕೊಳ್ಳುತ್ತಾನೆಂಬುದಕ್ಕೆ ರಷ್ಯದ ನಿರ್ದೇಶಕ ಲೆವ್ ಕುಲೆಷಾಫ್ ನಡೆಸಿದನೆಂದು ಹೇಳಲಾಗುವ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಒಬ್ಬ ನಟನ ಭಾವಶೂನ್ಯವಾದ ಮುಖದ ಒಂದೇ ಚಿತ್ರವನ್ನು ಬೇರೆ ಬೇರೆ ಚಿತ್ರಗಳ ಜೊತೆಗೆ ಜೋಡಿಸಲಾಯಿತು. ಆಹಾರದ ಬಟ್ಟಲಿನ ಪಕ್ಕದಲ್ಲಿ ಆ ಮುಖ ಹಸಿದಂತೆ ತೋರಿತು; ಶವಪೆಟ್ಟಿಗೆಯ ಪಕ್ಕದಲ್ಲಿ ದುಃಖಿಸುವಂತೆ ತೋರಿತು. ಮುಖ ಬದಲಾಗಿರಲಿಲ್ಲ, ಬದಲಾದುದು ನೋಡುವವರ ಮನಸ್ಸು. ದೃಶ್ಯವು ತೆರೆಯ ಮೇಲೆ ಅರ್ಧ ನಡೆದರೆ ಪ್ರೇಕ್ಷಕನ ಅಂತರಂಗದಲ್ಲಿ ಇನ್ನರ್ಧ ನಡೆಯುತ್ತದೆ. ತಾನು ಸ್ವಂತ ಕೈಯಿಂದ ನೆಟ್ಟ ಗಿಡವನ್ನು ಯಾರು ಮರೆಯುತ್ತಾರೆ? ತಾನು ಪಾಲುಗೊಂಡ ದೃಶ್ಯವನ್ನೂ ಪ್ರೇಕ್ಷಕನು ಮರೆಯುವುದಿಲ್ಲ.

ಭಾರತದಲ್ಲಿ ಇಂತಹ ದೃಶ್ಯಗಳ ಗಣಿಯೆನಿಸಿದ ಚಿತ್ರ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’. ವಿಭೂತಿಭೂಷಣ ಬಂದ್ಯೋಪಾಧ್ಯಾಯರ ಬಂಗಾಳಿ ಕಾದಂಬರಿಯನ್ನು ಆಧರಿಸಿದ ಈ ಚಿತ್ರ 1955ರಲ್ಲಿ ತೆರೆಕಂಡಿತು. ರಾಯ್ ಅವರು ಆಗ ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರಕಾರರಾಗಿದ್ದರು. ಅದಕ್ಕೆ ಮೊದಲು ಒಂದು ಚಿತ್ರವನ್ನೂ ನಿರ್ದೇಶಿಸಿರಲಿಲ್ಲ. ಛಾಯಾಗ್ರಾಹಕ ಸುಬ್ರತ ಮಿತ್ರ ಅವರು ಇಪ್ಪತ್ತರ ಆಸುಪಾಸಿನ ತರುಣ. ಚಲಚ್ಚಿತ್ರದ ಕ್ಯಾಮೆರಾವನ್ನು ಅವರೂ ಮೊದಲು ನಡೆಸಿದವರಲ್ಲ. ಹಣ ಸಾಲದೆ ಚಿತ್ರೀಕರಣವು ಮತ್ತೆ ಮತ್ತೆ ನಿಂತುಹೋಯಿತು. ರಾಯ್ ಅವರ ಪತ್ನಿಯ ಒಡವೆಗಳೂ ಒತ್ತೆಗೆ ಹೋದುವು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರದ ನೆರವಿನಿಂದ ಕೆಲಸ ಪೂರ್ಣವಾಯಿತು.

ಬಡ ಪುರೋಹಿತನ ಮಕ್ಕಳಾದ ದುರ್ಗೆ ಮತ್ತು ಅಪು ರೈಲನ್ನು ನೋಡುವ ದೃಶ್ಯವು ಈ ಚಿತ್ರದ ಹೆಸರಿನೊಡನೆ ಬೆಸೆದುಕೊಂಡಿದೆ. 1952ರಲ್ಲಿ ಚಿತ್ರೀಕರಣವು ಆರಂಭವಾದುದೇ ಈ ದೃಶ್ಯದಿಂದ. ಕಾಶವೆಂಬ ಎತ್ತರದ ಹುಲ್ಲು ಬೆಳ್ಳನೆಯ ಹೂ ಬಿಟ್ಟು ನಿಂತಿದ್ದ ಬಯಲನ್ನು ಅದಕ್ಕಾಗಿ ಆರಿಸಿಕೊಳ್ಳಲಾಗಿತ್ತು. ಒಂದು ದಿನದ ಕೆಲಸ ಮುಗಿಸಿ ಮುಂದಿನ ವಾರ ಹೋಗಿ ನೋಡಿದರೆ ಹೂವಿನ ಸುಳಿವೇ ಇಲ್ಲ! ದನಗಳು ಅದನ್ನೆಲ್ಲ ಮೇಯ್ದುಬಿಟ್ಟಿದ್ದುವು. ಬೇರೆ ಯಾವುದೋ ಬಯಲಿನಲ್ಲಿ ಹೇಗೋ ಮುಗಿಸೋಣವೆಂದು ರಾಯ್ ಅವರು ಹೇಳಲಿಲ್ಲ. ಕಾಶವು ಮತ್ತೆ ಹೂ ಬಿಡುವವರೆಗೆ, ಅಂದರೆ ಮುಂದಿನ ಶರತ್ಕಾಲದವರೆಗೆ, ಆ ದೃಶ್ಯಕ್ಕಾಗಿ ಕಾದರು.

ದೃಶ್ಯದಲ್ಲಿ ನಡೆಯುವುದಾದರೂ ಏನು? ಅಕ್ಕ ತಮ್ಮಂದಿರಿಬ್ಬರು ಊರು ಬಿಟ್ಟು ದೂರ ಬಂದಿದ್ದಾರೆ. ದುರ್ಗೆ ತಂತಿಕಂಬಕ್ಕೆ ಕಿವಿಯಾನಿಸಿ ಅದರ ಗುಂಯ್‌ಗುಟ್ಟುವ ನಾದವನ್ನು ಕೇಳುತ್ತಾಳೆ. ಇಬ್ಬರೂ ಕಬ್ಬು ಅಗಿಯುತ್ತಾರೆ. ಎಲ್ಲಿಂದಲೋ ರೈಲಿನ ಸದ್ದು ಬರುತ್ತದೆ. ಬಿಳಿಯ ಹೂಗಳ ಮೇಲೆ ಕಪ್ಪು ಹೊಗೆ ಎಳೆಯುತ್ತ ರೈಲು ಸಾಗುತ್ತದೆ. ಮಕ್ಕಳು ಓಡುತ್ತಾರೆ. ದುರ್ಗೆ ಎಡವಿ ಹಿಂದುಳಿಯುತ್ತಾಳೆ. ಅಪು ಮುಂದೆ ಓಡಿ ಹತ್ತಿರದಿಂದ ನೋಡುತ್ತಾನೆ. ಅಷ್ಟೆ. ಲೂಮಿಯೇರ್ ಸಹೋದರರ ಚಿತ್ರದಲ್ಲಿದ್ದುದೂ ರೈಲೇ, ಇದೂ ರೈಲೇ. ಆದರೆ ಅಲ್ಲಿ ನೋಡಬೇಕಾದುದು ರೈಲನ್ನು. ಇಲ್ಲಿ ನೋಡಬೇಕಾದುದು ರೈಲನ್ನು ಕಂಡ ಮಕ್ಕಳನ್ನು. ಈ ಸಂತೋಷದಿಂದ ಮರಳುವ ದಾರಿಯಲ್ಲಿಯೇ ಅವರು ಬಿದಿರುಮೆಳೆಯಲ್ಲಿ ಮುದುಕಿ ಅತ್ತೆಯ ಸಾವನ್ನು ಎದುರಿಸಬೇಕಾಗುತ್ತದೆ. ಮುಂದೆ ದುರ್ಗೆ ಕಾಯಿಲೆಯಿಂದ ಮಲಗಿದಾಗ, ತಾನು ಗುಣವಾದ ಮೇಲೆ ಮತ್ತೊಮ್ಮೆ ರೈಲು ನೋಡಲು ಹೋಗೋಣವೆಂದು ತಮ್ಮನಿಗೆ ಹೇಳುತ್ತಾಳೆ. ಅವಳು ಗುಣವಾಗುವುದಿಲ್ಲ. ಆಗ ಪ್ರೇಕ್ಷಕನಿಗೆ ಆ ಬಿಳಿಯ ಬಯಲು ಮತ್ತೆ ಕಣ್ಣಮುಂದೆ ಬರುತ್ತದೆ. ಆದರೆ ಈ ಸಲ ಕಣ್ಣೀರಿನ ಮೂಲಕ.

ಮಗಳು ಸತ್ತ ಸಂಗತಿ ತಿಳಿಯದೆ ತಂದೆಯು ದೂರದ ಊರಿನಿಂದ ಹಿಂದಿರುಗುತ್ತಾನೆ. ತಂದ ವಸ್ತುಗಳನ್ನು ಒಂದೊಂದಾಗಿ ಹೆಂಡತಿಗೆ ತೋರಿಸುತ್ತ, ದುರ್ಗೆಗಾಗಿ ತಂದ ಸೀರೆಯನ್ನೂ ತೆಗೆಯುತ್ತಾನೆ. ಅದುವರೆಗೆ ಕಲ್ಲಿನಂತೆ ಕುಳಿತಿದ್ದ ತಾಯಿ ಸೀರೆಯನ್ನು ಕಚ್ಚಿ ಹಿಡಿದು ಕುಸಿಯುತ್ತಾಳೆ. ಅವಳ ಬಾಯಿ ತೆರೆಯುತ್ತದೆ. ಆದರೆ ಅಳುವಿನ ದನಿ ಕೇಳಿಸುವುದಿಲ್ಲ. ಅದರ ಬದಲು ತಾರ್‌ಶಹನಾಯಿ ಎಂಬ ವಾದ್ಯದ ತಾರಸ್ವರವೊಂದು ಕೇಳಿಸುತ್ತದೆ. ಒಬ್ಬ ತಾಯಿಯ ಅಳು ಕೇಳಿಸಿದ್ದರೆ ಅದು ಒಬ್ಬಳ ದುಃಖವಾಗುತ್ತಿತ್ತು. ದನಿಯನ್ನು ತಡೆದುದರಿಂದ ಅದು ಮಕ್ಕಳನ್ನು ಕಳೆದುಕೊಂಡ ಎಲ್ಲ ತಾಯಂದಿರ ದುಃಖವಾಯಿತು.

ಇದೇ ಚಿತ್ರದಲ್ಲಿ ಇನ್ನೂ ಒಂದು ಕಿರಿದಾದ ದೃಶ್ಯವಿದೆ. ನೆರೆಮನೆಯವರ ಮಣಿಸರವನ್ನು ಕದ್ದಳೆಂಬ ಅಪವಾದ ದುರ್ಗೆಯ ಮೇಲೆ ಬಂದಿರುತ್ತದೆ. ತಾನು ಕದ್ದಿಲ್ಲವೆಂದೇ ಅವಳು ಹೇಳಿರುತ್ತಾಳೆ. ಅವಳು ಸತ್ತ ಮೇಲೆ, ಮನೆಯವರು ಊರು ಬಿಡಲು ಗಂಟುಮೂಟೆ ಕಟ್ಟುತ್ತಿರುವಾಗ, ಅಟ್ಟಣೆಯ ಮೇಲಿನ ಚಿಪ್ಪಿನೊಳಗೆ ಆ ಸರ ಅಪುವಿಗೆ ಸಿಕ್ಕುತ್ತದೆ. ಅವನು ಯಾರಿಗೂ ಹೇಳುವುದಿಲ್ಲ. ಓಡಿಹೋಗಿ ಅದನ್ನು ಕೊಳಕ್ಕೆ ಎಸೆಯುತ್ತಾನೆ. ನೀರಿನ ಮೇಲಿನ ಪಾಚಿ ಕ್ಷಣಕಾಲ ಸರಿದು, ಮತ್ತೆ ಮೆಲ್ಲನೆ ಕೂಡಿಕೊಳ್ಳುತ್ತದೆ. ಅಕ್ಕನ ಗುಟ್ಟನ್ನು ತಮ್ಮನು ಕಾಪಾಡಿದನು. ಅಕ್ಕತಂಗಿಯರ, ಅಣ್ಣತಮ್ಮಂದಿರ ಪ್ರೇಮವನ್ನು ಕುರಿತು ಪುಟಗಟ್ಟಲೆ ಬರೆದರೂ ಬಾರದ ಅರ್ಥವು ಆ ಪಾಚಿಯ ಚಲನೆಯಲ್ಲಿ ಬಂದಿದೆ. ಆದರೆ ಗಮನಿಸಬೇಕಾದ ಅಂಶವೊಂದುಂಟು. ಈ ದೃಶ್ಯವನ್ನೊಂದನ್ನೇ ಕತ್ತರಿಸಿ ತೋರಿಸಿದರೆ ಹುಡುಗನೊಬ್ಬನು ಏನನ್ನೋ ನೀರಿಗೆಸೆದನೆಂದಷ್ಟೇ ತೋರೀತು. ಅಪವಾದದ ದಿನ ತಾಯಿ ಮಗಳನ್ನು ಬಡಿದುದನ್ನು ನೋಡಿದವನಿಗೆ ಮಾತ್ರ ಅದರ ಭಾರ ತಿಳಿಯುತ್ತದೆ. ಗೋಪುರದ ಕಲಶ ದೂರದಿಂದ ಕಾಣುತ್ತದೆ. ಅದನ್ನು ಹೊತ್ತು ನಿಂತ ಕಲ್ಲುಗಳು ಕಾಣುವುದಿಲ್ಲ. ಅಳಿಯದ ದೃಶ್ಯದ ಹಿಂದೆಯೂ ಹೀಗೆ ಸಾಲುಸಾಲಾಗಿ ಇತರ ದೃಶ್ಯಗಳು ಹೆಗಲುಕೊಟ್ಟು ನಿಂತಿರುತ್ತವೆ.

ಕನ್ನಡದ ಬೆಳ್ಳಿತೆರೆಯಲ್ಲಿ ಈ ಮಾತಿಗೆ ಉಜ್ವಲವಾದ ನಿದರ್ಶನ ‘ಚೋಮನ ದುಡಿ’. ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಬಿ. ವಿ. ಕಾರಂತರು 1975ರಲ್ಲಿ ಚಲಚ್ಚಿತ್ರವಾಗಿಸಿದರು. ಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವೂ, ಚೋಮನ ಪಾತ್ರ ವಹಿಸಿದ ವಾಸುದೇವರಾವ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿಯೂ ದೊರೆತುವು. ಅಸ್ಪೃಶ್ಯನೆಂದು ಸಮಾಜವು ದೂರವಿರಿಸಿದ ಚೋಮನಿಗೆ ಬಾಳಿನಲ್ಲಿ ಇರುವುದು ಒಂದೇ ಆಸೆ: ತುಂಡು ಭೂಮಿಯನ್ನು ಪಡೆದು ತಾನೇ ಬೇಸಾಯ ಮಾಡಬೇಕು. ಅವನ ಬಳಿ ಎತ್ತುಗಳಿವೆ, ದುಡಿಯುವ ತೋಳುಗಳಿವೆ. ಆದರೆ ಭೂಮಿಯನ್ನು ಕೊಡಲು ಕಟ್ಟಳೆ ಒಪ್ಪುವುದಿಲ್ಲ. ಸಾಲ ತೀರಿಸಲು ಮಕ್ಕಳು ಕಾಫಿತೋಟಕ್ಕೆ ಹೋಗಬೇಕಾಗುತ್ತದೆ. ಒಬ್ಬ ಮಗನು ಜ್ವರಕ್ಕೆ ತುತ್ತಾಗುತ್ತಾನೆ. ಮತ್ತೊಬ್ಬನು ಮನೆಯಿಂದ ದೂರವಾಗುತ್ತಾನೆ. ಕಿರಿಯವನು ನೀರಿನಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆಯೆಂಬ ಭಾವನೆ ದಡದಲ್ಲಿದ್ದವರ ಕೈಯನ್ನು ಕಟ್ಟಿಹಾಕುತ್ತದೆ.

ಈ ಕಥೆಯ ಉದ್ದಕ್ಕೂ ದುಡಿಯ ಸದ್ದು ಕೇಳಿಬರುತ್ತದೆ. ಸಂತೋಷವಾದರೂ ಚೋಮನು ದುಡಿ ಬಾರಿಸುತ್ತಾನೆ, ದುಃಖವಾದರೂ ಬಾರಿಸುತ್ತಾನೆ. ಹೇಳಿಕೊಳ್ಳಲು ಅವನಿಗೆ ಬೇರೆ ಭಾಷೆಯಿಲ್ಲ; ಹೇಳಿದರೆ ಕೇಳುವವರೂ ಇಲ್ಲ. ಕೊನೆಗೆ ನೆಚ್ಚಿನ ಮಗಳೂ ತನ್ನವಳಾಗಿ ಉಳಿಯಲಿಲ್ಲವೆಂದು ಕಂಡಾಗ ಅವನು ಗುಡಿಸಲಿನ ಬಾಗಿಲನ್ನು ಮುಚ್ಚಿಕೊಂಡು ದುಡಿಯನ್ನು ಬಾರಿಸತೊಡಗುತ್ತಾನೆ. ಬಾರಿಸುತ್ತ ಬಾರಿಸುತ್ತಲೇ ಅವನ ಪ್ರಾಣ ಹೋಗುತ್ತದೆ. ಆ ದೃಶ್ಯದಲ್ಲಿ ಚೋಮನು ಸಮಾಜವನ್ನು ಬಯ್ಯುವುದಿಲ್ಲ, ಭಾಷಣ ಮಾಡುವುದಿಲ್ಲ. ಆದರೆ ದುಡಿಯ ಸದ್ದು ನಿಂತ ಕ್ಷಣದಲ್ಲಿ ಪ್ರೇಕ್ಷಕನು ತನ್ನನ್ನು ತಾನೇ ಕೇಳಿಕೊಳ್ಳಬೇಕಾಗುತ್ತದೆ: ಇಷ್ಟು ಕಾಲ ಈ ಸದ್ದು ಕೇಳುತ್ತಿದ್ದರೂ ಊರಿಗೆ ಏಕೆ ಕೇಳಿಸಲಿಲ್ಲ? ದೃಶ್ಯವು ನಿಲ್ಲುವುದು ಕಲೆಗಾರಿಕೆಯಿಂದ ಮಾತ್ರವಲ್ಲ, ಅದರೊಳಗಿನ ಸತ್ಯದಿಂದ. ಸುಳ್ಳು ಕಣ್ಣೀರು ಚಿತ್ರಮಂದಿರದ ಬಾಗಿಲಿನಲ್ಲಿಯೇ ಆರಿಹೋಗುತ್ತದೆ. ಸತ್ಯವಾದ ನೋವು ಪ್ರೇಕ್ಷಕನ ಬೆನ್ನು ಹತ್ತಿ ಬರುತ್ತದೆ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ಕೊನೆಯೂ ಹೀಗೆಯೇ ಕಾಡುವಂತಹುದು. ಯು. ಆರ್. ಅನಂತಮೂರ್ತಿಯವರ ಕಥೆಯಿಂದ 1977ರಲ್ಲಿ ರೂಪುಗೊಂಡ ಈ ಚಿತ್ರಕ್ಕೂ ಸ್ವರ್ಣಕಮಲ ದೊರೆಯಿತು. ವೇದಪಾಠಕ್ಕೆಂದು ಬಂದ ನಾಣಿಯೆಂಬ ಬಾಲಕನಿಗೆ ಅಕ್ಕನಂತೆ ಅಕ್ಕರೆ ತೋರಿದವಳು ಗುರುವಿನ ಮಗಳು ಯಮುನೆ. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದವಳು. ಸಮಾಜವು ಅವಳನ್ನು ಬಹಿಷ್ಕರಿಸುತ್ತದೆ. ಬದುಕಿರುವಾಗಲೇ ಅವಳಿಗೆ ಶ್ರಾದ್ಧ ನಡೆಯುತ್ತದೆ. ತಂದೆಯೊಡನೆ ಊರಿಗೆ ಹೊರಟ ನಾಣಿ, ತಲೆ ಬೋಳಿಸಿಕೊಂಡು ಮರದಡಿ ಒಂಟಿಯಾಗಿ ಕುಳಿತ ಯಮುನೆಯನ್ನು ಕಾಣುತ್ತಾನೆ. ಅವನು ಏನನ್ನೂ ಮಾಡಲಾರನು, ನೋಡಬಲ್ಲನು ಅಷ್ಟೆ. ಹಿರಿಯರ ಲೋಕವು ಮಾಡಿದ ಅನ್ಯಾಯವನ್ನು ಬಾಲಕನ ಕಣ್ಣು ಕಂಡಿತು. ಆ ಕಣ್ಣೇ ಪ್ರೇಕ್ಷಕನ ಕಣ್ಣೂ ಆಗುತ್ತದೆ.

ದುಃಖದ ದೃಶ್ಯಗಳು ಮಾತ್ರ ಉಳಿಯುತ್ತವೆಂದು ಇದರಿಂದ ಭಾವಿಸಬೇಕಾಗಿಲ್ಲ. ಸಿದ್ಧಲಿಂಗಯ್ಯನವರು ನಿರ್ದೇಶಿಸಿದ, 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಜಕುಮಾರ್ ಅವರ ರಾಜೀವನು ಕಲ್ಲುನೆಲವನ್ನು ಒಡೆದು ಹಸುರು ಮಾಡುವುದನ್ನು ನೋಡಿದ ತಲೆಮಾರು ಇಂದಿಗೂ ಅದನ್ನು ಉತ್ಸಾಹದಿಂದ ನೆನೆಯುತ್ತದೆ. ಬೆವರಿನ ಫಲವನ್ನು ಕಣ್ಣಾರೆ ಕಂಡ ಸಂತೋಷವದು. ಆದರೆ ಅದೇ ರಾಜೀವನು ತನ್ನವರ ನಿಷ್ಠುರದ ಮಾತಿಗೆ ಎದುರಾಡದೆ, ಕಟ್ಟಿದುದನ್ನೆಲ್ಲ ಬಿಟ್ಟು ಒಂಟಿಯಾಗಿ ನಡೆದುಹೋಗುವ ಕೊನೆಯು ಆ ಸಂತೋಷಕ್ಕೆ ಗಾಂಭೀರ್ಯವನ್ನು ತಂದುಕೊಟ್ಟಿತು.

ಇಲ್ಲಿ ಇನ್ನೊಂದು ವಿಷಯವನ್ನು ಮರೆಯುವಂತಿಲ್ಲ. ದೃಶ್ಯವು ಮನಸ್ಸಿನಲ್ಲಿ ಅಳಿಯದಿರಬಹುದು. ಆದರೆ ಅದನ್ನು ಹೊತ್ತ ಸುರುಳಿಯು ಅಳಿಯುತ್ತದೆ. ಸುಮಾರು 1950ರವರೆಗೆ ಚಲಚ್ಚಿತ್ರಗಳ ಸುರುಳಿಗಳನ್ನು ನೈಟ್ರೇಟ್ ಎಂಬ ವಸ್ತುವಿನಿಂದ ತಯಾರಿಸುತ್ತಿದ್ದರು. ಅದು ಬಲುಬೇಗ ಕೆಡುವಂತಹುದು. ಬೆಂಕಿ ತಗುಲಿದರೆ ಆರಿಸುವುದೇ ಕಷ್ಟ. ಸುರುಳಿಯಲ್ಲಿರುವ ಬೆಳ್ಳಿಯ ಆಸೆಗಾಗಿ ಹಳೆಯ ಪ್ರತಿಗಳನ್ನು ಕರಗಿಸಿ ಮಾರಿದವರೂ ಉಂಟು. ಕನ್ನಡದ ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಬೆಳ್ಳಿತೆರೆಯು ಕನ್ನಡದಲ್ಲಿ ಮಾತನಾಡಿದುದನ್ನು ಕೇಳಿ ಜನರು ಹಿಗ್ಗಿದರು. ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದನ್ನು ನೋಡಿದವರ ಮನಸ್ಸಿನಲ್ಲಿ ನಿಂತಿದ್ದ ದೃಶ್ಯಗಳು ಅವರೊಡನೆಯೇ ಮರೆಯಾದುವು. ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ದಲ್ಲಿಯೂ ಕೆಲವು ಭಾಗಗಳು ಮಾತ್ರ ಉಳಿದಿವೆ. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ಸ್ಥಾಪನೆಯಾಗುವ ವೇಳೆಗೆ ಎಷ್ಟೋ ಚಿತ್ರಗಳು ಕೈತಪ್ಪಿಹೋಗಿದ್ದುವು. ಪಿ. ಕೆ. ನಾಯರ್ ಅವರಂತಹ ನಿಷ್ಠಾವಂತರು ಊರೂರು ಅಲೆದು ಉಳಿದುದನ್ನು ಕೂಡಿಸಿದರು.

ಅಳಿದುದು ಮತ್ತೆ ಚಿಗುರಿದ ಉದಾಹರಣೆಗಳೂ ಇವೆ. 1993ರಲ್ಲಿ ಲಂಡನ್ನಿನಲ್ಲಿ ಸಂಭವಿಸಿದ ಬೆಂಕಿಯಲ್ಲಿ ‘ಪಥೇರ್ ಪಾಂಚಾಲಿ’ಯ ಮೂಲ ಸುರುಳಿಗಳು ಸುಟ್ಟು ಕರಕಾದುವು. ಅವನ್ನು ಎಸೆಯದೆ ಕಾಪಾಡಿದುದರಿಂದ, ಮುಂದೆ ಇಟಲಿಯ ಬೊಲೋನ್ಯ ನಗರದ ತಜ್ಞರು ಸೆಟೆದುಹೋದ ಸುರುಳಿಗಳನ್ನು ತಾಳ್ಮೆಯಿಂದ ಹದಗೊಳಿಸಿದರು. ಇಲ್ಲದ ಭಾಗಗಳನ್ನು ಬೇರೆ ಪ್ರತಿಗಳಿಂದ ತುಂಬಿದರು. 2015ರಲ್ಲಿ ಚಿತ್ರವು ಹೊಸ ಕಳೆಯಿಂದ ಮತ್ತೆ ತೆರೆಯ ಮೇಲೆ ಬಂದಿತು. ‘ಘಟಶ್ರಾದ್ಧ’ವೂ ಇದೇ ರೀತಿ ನವೀಕರಣಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಹಳೆಯ ತಾಳೆಯೋಲೆಗಳನ್ನು ಗೆದ್ದಲಿನ ಬಾಯಿಂದ ಬಿಡಿಸಿ ಕನ್ನಡದ ಪ್ರಾಚೀನ ಕಾವ್ಯಗಳನ್ನು ಉಳಿಸಿದ ವಿದ್ವಾಂಸರ ಕಾರ್ಯಕ್ಕೂ ಇದಕ್ಕೂ ಅಂತರವಿಲ್ಲ.

ಚಾಪ್ಲಿನ್ನನ ಮುನ್ನೂರು ಪ್ರಯತ್ನಗಳು, ರಾಯ್ ಅವರು ಹೂವಿಗಾಗಿ ಕಾದ ಒಂದು ವರ್ಷ, ಬೊಲೋನ್ಯದ ತಜ್ಞರ ತಾಳ್ಮೆ—ಇವೆಲ್ಲವೂ ದೃಶ್ಯವನ್ನು ಪ್ರೇಕ್ಷಕನ ಬಾಗಿಲಿನವರೆಗೆ ತಂದು ನಿಲ್ಲಿಸುತ್ತವೆ. ಅದನ್ನು ಒಳಕ್ಕೆ ಬರಮಾಡಿಕೊಳ್ಳಬೇಕಾದವನು ಪ್ರೇಕ್ಷಕನೇ. ಕಣ್ಣು ತೆರೆಯ ಮೇಲಿದ್ದು ಮನಸ್ಸು ಬೇರೆಲ್ಲಿಯೋ ಇದ್ದರೆ ಎಂತಹ ದೃಶ್ಯವೂ ನಿಲ್ಲದು. ಚಿಂದಿ ಬಟ್ಟೆಯವನನ್ನು ಕಂಡು ಗಾಜಿನ ಈಚೆ ನಿಂತು ನಕ್ಕ ಆ ಹುಡುಗಿಗೆ ಕಣ್ಣು ಬಂದಿತ್ತು. ಆದರೆ ಅವಳು ನಿಜವಾಗಿ ಕಂಡುದು ಹೊರಗೆ ಬಂದು ಅವನ ಕೈಯನ್ನು ಮುಟ್ಟಿದಾಗ. ನೋಡುವುದು ಬೇರೆ, ಕಾಣುವುದು ಬೇರೆ. ಕಂಡುದು ಮಾತ್ರ ಉಳಿಯುತ್ತದೆ.

ಪದಗಳ ಅರ್ಥ

ಒನೆ – ಕಾಳಿನಿಂದ ಹೊಟ್ಟನ್ನು ಬೇರ್ಪಡಿಸು
ವಾಕ್ಚಿತ್ರ – ಮಾತುಳ್ಳ ಚಲಚ್ಚಿತ್ರ
ಸಹೃದಯ – ಕಲೆಯನ್ನು ಹೃದಯದಿಂದ ಗ್ರಹಿಸಬಲ್ಲವನು
ತಾರಸ್ವರ – ಎತ್ತರದ ಸ್ವರ
ಅಪವಾದ – ನಿಂದೆ, ಸುಳ್ಳು ಅಥವಾ ನಿಜವಾದ ಆರೋಪ
ದುಡಿ – ಚರ್ಮವಾದ್ಯಗಳಲ್ಲಿ ಒಂದು
ಕಟ್ಟಳೆ – ನಿಯಮ, ಸಂಪ್ರದಾಯ

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಕುರುಡಿಯು ಅಲೆಮಾರಿಯನ್ನು ಸಿರಿವಂತನೆಂದು ತಿಳಿಯಲು ಕಾರಣವೇನು?
2. ಕಾಶದ ಬಯಲಿನ ಚಿತ್ರೀಕರಣ ಒಂದು ವರ್ಷ ತಡವಾದುದೇಕೆ?
3. ಚೋಮನ ಬಾಳಿನ ಒಂದೇ ಆಸೆ ಯಾವುದು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಮಣಿಸರದ ದೃಶ್ಯದ ಅರ್ಥವು ಹಿಂದಿನ ದೃಶ್ಯಗಳನ್ನು ಹೇಗೆ ಅವಲಂಬಿಸಿದೆ?
2. ಹಳೆಯ ಚಲಚ್ಚಿತ್ರಗಳು ನಾಶವಾಗಲು ಕಾರಣಗಳೇನು?

ಇ) ಸಂದರ್ಭದೊಡನೆ ವಿವರಿಸಿರಿ:
1. “ಕಣ್ಣು ಗುರುತಿಸಲಾರದುದನ್ನು ಕೈ ಗುರುತಿಸುತ್ತದೆ.”
2. “ಹೇಳಿಕೊಳ್ಳಲು ಅವನಿಗೆ ಬೇರೆ ಭಾಷೆಯಿಲ್ಲ.”

ಈ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ:
ಚಲಚ್ಚಿತ್ರ, ಧ್ವನ್ಯಾಲೋಕ, ಚಿತ್ರೋತ್ಸವ, ಊರೂರು

ಉ) ನೀವು ನೋಡಿದ ಚಲಚ್ಚಿತ್ರಗಳಲ್ಲಿ ನಿಮ್ಮ ಮನಸ್ಸಿನಲ್ಲಿ ನಿಂತ ಒಂದು ದೃಶ್ಯವನ್ನು ವರ್ಣಿಸಿ, ಅದು ಏಕೆ ನಿಂತಿತೆಂಬುದನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.